ಕಲ್ಲಮೂಲೆಯ ಎಣಿಕೆ

ಕೊಲ್ಲಾಪುರಮ್ಮ ಮೊದಲ ಸಲ ಕಡಲಿಗೆ ಹೋದದ್ದು ಅದನ್ನು ನೋಡಬೇಕೆಂಬ ಆಸೆಯಿಂದೇನಲ್ಲ. ಪ್ರಿನ್ಸಿಪಾಲರು ಹೋಗು ಅಂದರು, ಹೋದಳು.

ಹೊನ್ನಾಳಿಯ ಹೊರಗಿನ ಒಂದು ಖಾಸಗಿ ಕಾಲೇಜಿನಲ್ಲಿ ಅವಳ ಗಂಡ ದುರುಗಣ್ಣ ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್ ಆಗಿದ್ದ. ಇಬ್ಬರೂ ಜಗಳೂರು ಸೀಮೆಯವರು. ಹೊನ್ನಾಳಿಗೆ ಬಂದು ಒಂದು ಕೋಣೆ ಬಾಡಿಗೆಗೆ ಹಿಡಿದು ಐದು ವರ್ಷ ಆಗಿತ್ತಷ್ಟೆ. ದುರುಗಣ್ಣನಿಗೆ ಕಾಮಾಲೆಯಾಯಿತು. ಸೊಪ್ಪಿನ ರಸ ಕುಡಿಸಿಕೊಂಡು ಹದಿನೈದು ದಿನ ಕಳೆದರು. ಹದಿನಾರನೆಯ ದಿನ ಅವನಿರಲಿಲ್ಲ. ಮಕ್ಕಳೂ ಇರಲಿಲ್ಲ. ಸಂಸ್ಥೆಯವರು ಕನಿಕರಪಟ್ಟು ಗಂಡನ ಕೆಲಸವನ್ನೇ ಅವಳಿಗೆ ಕೊಟ್ಟರು. ಲ್ಯಾಬಿನ ಬೀಗ ತೆಗೆಯುವುದು, ಗಾಜಿನ ಸಾಮಾನು ತೊಳೆಯುವುದು, ಸೀಸೆಗಳಲ್ಲಿ ಬಿಳುಚಿಕೊಂಡು ನಿಂತ ಕಪ್ಪೆ, ಹಾವು, ನಕ್ಷತ್ರಮೀನುಗಳ ಮೇಲಿನ ಧೂಳು ಒರೆಸುವುದು. ಇಪ್ಪತ್ತೆಂಟರ ವಯಸ್ಸಿಗೆ ಅವಳ ದಿನ ಹೀಗೆ ಗೊತ್ತಾಗಿಹೋಯಿತು.

ಆ ವಿಭಾಗದ ಮುಖ್ಯಸ್ಥರು ಓಂಕಾರ್ ಮೇಷ್ಟ್ರು. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಮಾಡಿಸಬೇಕಾಗಿ ಬಂದಾಗ ಅವರು ಎಲ್ಲರಂತೆ ಕೆರೆ, ಹೊಳೆ ಹಿಡಿಯಲಿಲ್ಲ. ಹೊನ್ನಾವರದಿಂದ ಆಚೆ ಕಲ್ಲಮೂಲೆ ಎಂಬ ಮೀನುಗಾರರ ಕೇರಿಯಲ್ಲಿ ಕಡಲಿಗೆ ಚಾಚಿಕೊಂಡ ಒಂದು ಬಂಡೆ ಇತ್ತು. ಪ್ರತಿ ವರ್ಷ ಅದೇ ಬಂಡೆ, ಅದೇ ಹತ್ತು ಜಾಗ. ಅಲ್ಲಿ ಅಂಟಿಕೊಂಡು ಬದುಕುವ ಜೀವಗಳು ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಣಿಸಬೇಕು. ಬಲೆಯ ಚೂರು, ಡಾಂಬರಿನಂಥ ಎಣ್ಣೆ ಜಿಡ್ಡು, ಮಣ್ಣು, ಮನುಷ್ಯರ ಕೈ, ಯಾವುದರಿಂದ ಅವಕ್ಕೆ ಏನಾಗುತ್ತಿದೆ ಎಂದು ಬರೆಯಬೇಕು. ಮೂರು ದಿನದ ಪ್ರವಾಸ. ಹೆಣ್ಣುಮಕ್ಕಳ ಮನೆಯವರು ಒಂದೇ ಮಾತು ಹೇಳಿದರು: ಜೊತೆಗೆ ಒಬ್ಬ ಹೆಂಗಸು ಇದ್ದರೆ ಮಾತ್ರ ಕಳಿಸುತ್ತೇವೆ. ವಿಭಾಗದಲ್ಲಿದ್ದ ಹೆಂಗಸು ಕೊಲ್ಲಾಪುರಮ್ಮ ಒಬ್ಬಳೇ.

ಕಡಲು ಅವಳಿಗೆ ಮೊದಲು ಹಿಡಿಸಲಿಲ್ಲ. ಒಡೆದ ಹಿಮ್ಮಡಿಗೆ ಉಪ್ಪುನೀರು ತಾಗಿ ಉರಿಯಿತು. ಊಟದಲ್ಲಿ, ಗಾಳಿಯಲ್ಲಿ, ಹೊದ್ದ ದುಪ್ಪಡಿಯಲ್ಲಿ ಮೀನಿನ ವಾಸನೆ. ಎರಡನೆಯ ದಿನ ಬೆಳಗ್ಗೆ, ನೀರು ಹಿಂದೆ ಸರಿದು ಬಂಡೆ ಮೈ ಬಿಟ್ಟುಕೊಂಡಾಗ, ಓಂಕಾರ್ ಮೇಷ್ಟ್ರು ಅದರ ಮೇಲೆ ಮೊಳದುದ್ದದ ಕಬ್ಬಿಣದ ಚೌಕಟ್ಟು ಇಟ್ಟು ಹುಡುಗರಿಗೆ ಒಳಗಿನ ಚಿಪ್ಪುಗಳನ್ನು ಎಣಿಸಲು ಹೇಳಿದರು. ಒಬ್ಬ ನಲವತ್ತೊಂದು ಅಂದ, ಇನ್ನೊಬ್ಬ ಐವತ್ತು ಅಂದ, ಒಬ್ಬಳು ಮೂವತ್ತೆಂಟರಲ್ಲಿ ಮರೆತು ಮತ್ತೆ ಮೊದಲಿನಿಂದ ಶುರುಮಾಡಿದಳು. ಛತ್ರಿ ಹಿಡಿದು ನಿಂತಿದ್ದ ಕೊಲ್ಲಾಪುರಮ್ಮ ಮೆಲ್ಲಗೆ ಅಂದಳು:

"ನಲವತ್ತಾರು ಅದಾವ್ರೀ ಸಾರ್."

ಮೇಷ್ಟ್ರು ತಾವೇ ಮಂಡಿಯೂರಿ ಎಣಿಸಿದರು. ನಲವತ್ತಾರು.

"ಹೆಂಗೆ ಎಣಿಸಿದ್ರಿ, ನಿಂತಲ್ಲೇ?"

"ನಮ್ಮಪ್ಪ ಕುರಿ ಕಾಯ್ತಿದ್ದ ಸಾರ್. ಸಂಜಿ ಹಟ್ಟಿ ಬಾಗ್ಲಾಗೆ ಒಳಗೆ ಬಿಡುವಾಗ ಎಣಿಸಬೇಕಲ್ರೀ. ಅವು ನಿಂತ್ಕಂಬಲ್ಲ. ಇವು ಪಾಪ, ನಿಂತೇ ಅದಾವೆ."

ಅಂದಿನಿಂದ ಎಣಿಕೆ ಅವಳದಾಯಿತು. ಮೇಷ್ಟ್ರು ಅವಳಿಗೆ ಮೂರು ಬಗೆಯನ್ನು ಗುರುತಿಸಲು ಕಲಿಸಿದರು: ಹಸಿರು ಚಿಪ್ಪು, ಸಣ್ಣ ಕಡಲ ಬಸವನಹುಳು, ಬಂಡೆಗೆ ಸುಣ್ಣದಂತೆ ಅಂಟಿದ ಬಿಳಿ ಗುಳ್ಳೆ. ಅವುಗಳ ಇಂಗ್ಲಿಷ್ ಹೆಸರು ಅವಳ ನಾಲಿಗೆಗೆ ಹತ್ತಲಿಲ್ಲ. ಆದರೆ ವರದಿಯ ಪುಸ್ತಕದಲ್ಲಿ ಮೊದಲ ಸಾಲು ಹಸಿರು ಚಿಪ್ಪಿನದು, ಎರಡನೆಯದು ಹುಳುವಿನದು, ಮೂರನೆಯದು ಗುಳ್ಳೆಯದು ಎಂದು ಗೊತ್ತಿತ್ತು. ಉಳಿದ ಪುಟವೆಲ್ಲ ಇಂಗ್ಲಿಷು. ಅದರಲ್ಲಿ ಅಂಕಿ ಮಾತ್ರ ಅವಳು ಓದಬಲ್ಲಳು.

ಹೀಗೆ ಹನ್ನೆರಡು ವರ್ಷ. ಎಳ್ಳಮಾವಾಸ್ಯೆಯ ಸುತ್ತಿನ ದಿನಗಳಲ್ಲಿ ಬೆಳಗ್ಗೆ ನೀರು ತುಂಬ ಕೆಳಗಿಳಿಯುತ್ತದೆಂದು ಮೇಷ್ಟ್ರು ಯಾವುದೋ ಪಟ್ಟಿ ನೋಡಿ ತಾರೀಕು ಗೊತ್ತುಮಾಡುವರು. ಕೊಲ್ಲಾಪುರಮ್ಮ ಗೋಡೆಯ ಕ್ಯಾಲೆಂಡರ್ ನೋಡಿ ಅದಕ್ಕೂ ಮೊದಲೇ ಚೀಲ ತುಂಬಿಕೊಂಡಿರುವಳು. ಪ್ರತಿ ವರ್ಷ ಹೊಸ ಮಕ್ಕಳು. ಬಸ್ಸಿನಲ್ಲಿ ಹಾಡು, ಬಂಡೆಯ ಮೇಲೆ ಸಾಲಾಗಿ ನಿಂತು ಫೋಟೋ. "ಆಂಟಿ, ನೀವೇ ಒಂದು ಹೊಡೀರಿ" ಎಂದು ಅವಳ ಕೈಗೆ ಫೋನ್ ಕೊಡುವರು. ಎಲ್ಲ ಫೋಟೋಗಳನ್ನೂ ಅವಳೇ ತೆಗೆದದ್ದರಿಂದ ಅವಳು ಒಂದರಲ್ಲೂ ಇರಲಿಲ್ಲ. ದೀಪಾವಳಿಗೆ ಜಗಳೂರಿಗೆ ಹೋದಾಗ ತಮ್ಮ ಭೀಮೇಶನ ಮನೆಯಲ್ಲಿ ಒಮ್ಮೆ ಹೇಳಲು ಹೋದಳು: ಕಲ್ಲಿನ ಮೇಲೆ ಹುಟ್ಟಿ, ಕಲ್ಲಿನ ಮೇಲೇ ಬೆಳೆದು, ಒಂದು ಗೇಣೂ ಆಚೀಚೆ ಹೋಗದೆ ಸಾಯುವ ಜೀವ ಇದಾವೆ ಎಂದು. ತಮ್ಮನ ಹೆಂಡತಿ ಉಷಾರಾಣಿ ರೊಟ್ಟಿ ತಟ್ಟುತ್ತಾ, "ಅವನ್ನ ತಿಂತಾರಾ ಅತ್ತಿಗೀ?" ಎಂದು ಕೇಳಿದಳು. "ಕೆಲವರು ತಿಂತಾರೆ" ಅಂದಳು. ಮಾತು ಅಲ್ಲಿಗೆ ಮುಗಿಯಿತು.

ಓಂಕಾರ್ ಮೇಷ್ಟ್ರು ನಿವೃತ್ತರಾಗಿ ಮಗಳ ಜೊತೆಗಿರಲು ಮೈಸೂರಿಗೆ ಹೋದರು. ಅದೇ ವರ್ಷ ಕೊರೊನಾ ಬಂದು ಕಾಲೇಜು ಮುಚ್ಚಿತು. ಮೇಷ್ಟ್ರಿಂದ ಯುಗಾದಿಗೆ ಒಂದು ಫೋನ್ ಬಂತು, ಮರುವರ್ಷವೂ ಬಂತು, ಆಮೇಲೆ ನಿಂತಿತು. ಅವರ ಜಾಗಕ್ಕೆ ಬಂದವರು ಪ್ರವೀಣ್ ಕುಮಾರ್. ಒಳ್ಳೆಯ ಮನುಷ್ಯ; ಮೂವರು ಮಾಡುವ ಪಾಠ ಒಬ್ಬರೇ ಮಾಡುತ್ತಿದ್ದರು. ಪ್ರವಾಸ ನಿಂತದ್ದು ಮತ್ತೆ ಶುರುವಾಗಲಿಲ್ಲ.

ಆದರೆ ವರದಿಗಳು ಬರುತ್ತಲೇ ಇದ್ದವು. ಮೊದಲ ವರ್ಷ ಬೈಂಡ್ ಆಗಿ ಬಂದ ಪುಸ್ತಕವನ್ನು ಬೀರುವಿನಲ್ಲಿಡುವಾಗ ಕೊಲ್ಲಾಪುರಮ್ಮ ಸುಮ್ಮನೆ ತೆರೆದು ನೋಡಿದಳು. ಹತ್ತು ಚೌಕ, ಮೂರು ಸಾಲು, ಒಂದು ಮನೆಯೂ ಖಾಲಿಯಿಲ್ಲದೆ ಅಂಕಿಗಳು.

ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಚಹ ಕೊಡುವಾಗ ಕೇಳಿಯೇಬಿಟ್ಟಳು.

"ಸಾರ್, ಈ ಸಲ ನಾವು ಕಲ್ಲಮೂಲಿಗೆ ಹೋಗಿಲ್ಲಲ್ರೀ. ಅಂಕಿ ಎಲ್ಲಿಂದ ಬಂದ್ವು?"

ಪ್ರವೀಣ್ ಕುಮಾರರ ಮುಖ ಕೆಂಪಾಯಿತು. "ಹಳೇದರ ಮೇಲೆ ಅಂದಾಜು ಹಾಕಿದೀವಿ ಕೊಲ್ಲಾಪುರಮ್ಮ. ಹುಡುಗರಿಗೆ ಮಾರ್ಕ್ಸ್ ಬೇಕಲ್ಲ, ಏನು ಮಾಡಾಕಾಗುತ್ತೆ ಹೇಳ್ರಿ. ಇದನ್ನ ನೀವು ತಲೀಗೆ ಹಚ್ಕೋಬ್ಯಾಡ್ರಿ."

ಹಚ್ಚಿಕೊಳ್ಳಬಾರದೆಂದೇ ಇದ್ದಳು. ಎರಡನೆಯ ವರ್ಷವೂ ಪುಸ್ತಕ ಬಂತು, ಮೂರನೆಯ ವರ್ಷವೂ ಬಂತು. ಅಂಕಿಗಳು ವರ್ಷವರ್ಷಕ್ಕೂ ಒಂದೊಂದು, ಎರಡೆರಡು ಕಡಿಮೆಯಾಗುತ್ತಾ ಬಹಳ ಒಪ್ಪವಾಗಿದ್ದವು. ನಿಜದ ಬಂಡೆ ಯಾವತ್ತೂ ಅಷ್ಟು ಒಪ್ಪವಾಗಿರಲಿಲ್ಲ. ಆದರೆ ಅದನ್ನು ಬಲ್ಲವಳು ಇಡೀ ಹೊನ್ನಾಳಿಯಲ್ಲಿ ತಾನೊಬ್ಬಳೇ. ಹೇಳಿಕೊಳ್ಳಲು ಜನವಿಲ್ಲದ ತಿಳಿವಳಿಕೆ ಎದೆಯಲ್ಲಿ ನುಂಗಿದ ಕಲ್ಲಿನ ಹಾಗೆ ಕೂತಿತ್ತು.

ನಾಲ್ಕನೆಯ ವರ್ಷ ಆ ಪ್ರಾಜೆಕ್ಟು ಚೈತ್ರಾಳ ಪಾಲಿಗೆ ಬಂತು. ನ್ಯಾಮತಿಯ ಹುಡುಗಿ, ತಂದೆಯದು ಗೊಬ್ಬರ, ಬೀಜದ ಅಂಗಡಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಹಳೆಯ ವರದಿಗಳನ್ನು ಕೇಳಿಕೊಂಡು ಲ್ಯಾಬಿಗೆ ಬಂದವಳು ಹದಿನೈದೂ ಪುಸ್ತಕ ಹರಡಿಕೊಂಡು ಕೂತು, ಒಂದು ಗಂಟೆಯಾದ ಮೇಲೆ ತಲೆ ಎತ್ತಿದಳು.

"ಆಂಟಿ, ನೀವು ಅಲ್ಲಿಗೆ ಹೋಗಿದೀರಂತಲ್ಲ. ಈಗ ಅಲ್ಲಿ ಹೆಂಗೈತೆ?"

ಯಾರೂ ಕೇಳದಿದ್ದ ಪ್ರಶ್ನೆ.

"ಗೊತ್ತಿಲ್ಲವ್ವ. ನೋಡಿ ನಾಕು ವರ್ಷ ಆತು."

"ಮತ್ತೆ ಈ ಮೂರು ಪುಸ್ತಕ?"

ಕೊಲ್ಲಾಪುರಮ್ಮ ಬೀರುವಿನ ಬಾಗಿಲು ಒರೆಸತೊಡಗಿದಳು. ಚೈತ್ರಾ ಪುಸ್ತಕಗಳನ್ನು ಮುಚ್ಚಿ ಒಟ್ಟಿದಳು. ಸ್ವಲ್ಪ ಹೊತ್ತಿನ ಮೇಲೆ, "ನಾವಿಬ್ರೇ ಹೋಗಿಬರಾಣೇನು ಆಂಟಿ? ಎರಡು ದಿನ ಸಾಕಲ್ಲ?" ಅಂದಳು. ಆ ಹುಡುಗಿ ಎಷ್ಟು ಹಗುರವಾಗಿ ಅಂದಳೆಂದರೆ, ಕೊಲ್ಲಾಪುರಮ್ಮ ಅಳು ಬಂದಂತಾಗಿ ಒಳಗೆ ಹೋಗಿ ನಲ್ಲಿ ತಿರುಗಿಸಿದಳು.

ಎಳ್ಳಮಾವಾಸ್ಯೆಯ ಹಿಂದಿನ ದಿನ ಬೆಳಗ್ಗೆ ಏಳಕ್ಕೆ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಸೇರುವುದೆಂದು ಗೊತ್ತಾಯಿತು. ಕೊಲ್ಲಾಪುರಮ್ಮ ಚೌಕಟ್ಟನ್ನು ಗೋಣಿಚೀಲದಲ್ಲಿ ಸುತ್ತಿ, ಇಬ್ಬರಿಗಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಆರೂವರೆಗೇ ಬಂದು ಕೂತಳು. ಏಳಾಯಿತು. ಏಳೂವರೆಗೆ ಫೋನ್ ಬಂತು.

"ಆಂಟಿ, ಮನೇಲಿ ಬ್ಯಾಡ ಅಂತಿದಾರೆ. ಕಾಲೇಜಿಂದ ಲೆಟರ್ ಇಲ್ದೆ ಹೆಂಗೆ ಕಳಿಸಾಕೆ ಆಗುತ್ತೆ ಅಂತ ಅಪ್ಪ... ಸಾರಿ ಆಂಟಿ. ನೀವು ಮನೀಗೆ ಹೋಗಿಬಿಡ್ರಿ."

"ಆತವ್ವ. ಅಳಬ್ಯಾಡ" ಅಂದಳು ಕೊಲ್ಲಾಪುರಮ್ಮ. ಫೋನಿಟ್ಟು ಸ್ವಲ್ಪ ಹೊತ್ತು ಕೂತೇ ಇದ್ದಳು. ಶಿವಮೊಗ್ಗದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿದ. ಮನೆಗೆ ಹೋದರೆ ಏನಿದೆ ಎಂದು ಯೋಚಿಸಿದಳು. ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ, ಬೋರಲು ಹಾಕಿದ ಒಂದು ತಟ್ಟೆ. ಎದ್ದು ಬಸ್ಸು ಹತ್ತಿದಳು.

ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಸಾಗರ ದಾಟಿ ಘಟ್ಟ ಇಳಿಯುವಾಗ ಪಕ್ಕದ ಸೀಟು ಖಾಲಿಯಿತ್ತು. ಹನ್ನೆರಡು ಸಲ ಇದೇ ದಾರಿಯಲ್ಲಿ ಮಕ್ಕಳ ಗಲಾಟೆಗೆ ತಲೆನೋವು ಬಂದು ಸೆರಗು ಮುಚ್ಚಿಕೊಂಡು ಮಲಗುತ್ತಿದ್ದವಳಿಗೆ ಈ ಸಲ ನಿದ್ದೆ ಹತ್ತಲಿಲ್ಲ.

ಕಲ್ಲಮೂಲೆಯಲ್ಲಿ ಹಿಂದೆಲ್ಲ ಮಕ್ಕಳಿಗೆ ಅಡುಗೆ ಮಾಡಿಕೊಡುತ್ತಿದ್ದ ಗಣಪಿಯ ಮನೆಗೇ ಹೋದಳು. ಗಣಪಿ ಗುರುತು ಹಿಡಿದಳು. "ಮಕ್ಕಳೆಲ್ಲಿ?" ಎಂದು ಅವಳ ಬೆನ್ನ ಹಿಂದೆ ಇಣುಕಿದಳು.

"ಈ ಸಲ ನಾನೊಬ್ಬಾಕಿನೇ."

"ಎಂತಕ್ಕೆ?"

"ಎಣಿಸಾಕೆ."

ಗಣಪಿ ನಗಲಿಲ್ಲ. ಗಂಜಿ ಬಡಿಸಿ ಚಾಪೆ ಹಾಸಿಕೊಟ್ಟಳು. "ಎಣಿಸಲಿಕ್ಕೆ ಎಂತದೂ ಉಳಿಲಿಲ್ಲ ಮಾರಾಯ್ತಿ" ಎಂದಷ್ಟೇ ಅಂದಳು.

ಬೆಳಗ್ಗೆ ಆರೂವರೆಗೆ ನೀರಿಳಿಯಿತು. ಕೊಲ್ಲಾಪುರಮ್ಮನಿಗೆ ಮೊದಲು ಬಂಡೆಯೇ ಕಾಣಲಿಲ್ಲ. ಕೇರಿಯ ಮನೆಗಳನ್ನು ಕಡಲು ಕೊರೆಯದಂತೆ ದಂಡೆಯ ಉದ್ದಕ್ಕೂ ದೊಡ್ಡ ಕಲ್ಲು, ಮಣ್ಣು ಸುರಿದು ತಡೆಗೋಡೆ ಹಾಕಿದ್ದರು. ಅದರಿಂದ ತೊಳೆದುಬಂದ ಕೆಮ್ಮಣ್ಣು ಬಂಡೆಯ ಅರ್ಧ ಮೈಗೆ ಮೆತ್ತಿಕೊಂಡಿತ್ತು. ಸಂದುಗಳಲ್ಲಿ ನೀಲಿ ನೈಲಾನ್ ಬಲೆಯ ತುಂಡುಗಳು ಕೂದಲಿನಂತೆ ಸಿಕ್ಕಿಕೊಂಡಿದ್ದವು. ತಪ್ಪು ಜಾಗಕ್ಕೆ ಬಂದೆನೇನೋ ಎಂದು ಅವಳು ಹಿಂದೆ ಮುಂದೆ ಓಡಾಡಿದಳು. ಕೊನೆಗೆ ಅಂಗೈಯಿಂದ ಮಣ್ಣು ಸವರಿ ಸವರಿ, ಮೇಷ್ಟ್ರು ಉಳಿಯಿಂದ ಕೆತ್ತಿಸಿದ್ದ ಗುರುತನ್ನು ಹುಡುಕಿದಳು. ಅಲ್ಲಿಂದ ಹತ್ತತ್ತು ಹೆಜ್ಜೆಗೆ ಒಂದೊಂದು ಚೌಕ.

ಮೊದಲ ಚೌಕದಲ್ಲಿ ಹಸಿರು ಚಿಪ್ಪು ಆರು. ಎರಡರಲ್ಲಿ ಒಂದೂ ಇಲ್ಲ. ಮೂರರಲ್ಲಿ ಒಂದೂ ಇಲ್ಲ. ಕುರಿಗಳನ್ನು ಎಣಿಸಿ ಕಲಿತ ಕಣ್ಣು ಹಿಂದೆ ಒಂದೇ ನೋಟಕ್ಕೆ ಇಪ್ಪತ್ತು, ಮೂವತ್ತು ಹಿಡಿಯುತ್ತಿತ್ತು. ಈಗ ಇಲ್ಲದ್ದನ್ನು ಇಲ್ಲ ಎಂದು ಒಪ್ಪಿಕೊಳ್ಳಲು ಒಂದೊಂದು ಚೌಕವನ್ನೂ ಎರಡೆರಡು ಸಲ ನೋಡಬೇಕಾಯಿತು. ಹೇಳಿದ ಅಂಕಿಯನ್ನು ಬರೆದುಕೊಳ್ಳಲು ಜೊತೆಗೆ ಮಕ್ಕಳಿಲ್ಲ. ಆದರೂ ಅಭ್ಯಾಸಬಲದಿಂದ ಜೋರಾಗಿ ಹೇಳಿ, ಆಮೇಲೆ ತಾನೇ ಕೂತು ಬರೆದಳು, ಒದ್ದೆ ಕೈಯಲ್ಲಿ ಪೆನ್ಸಿಲು ಜಾರುತ್ತಿತ್ತು. ಪ್ರತಿ ಚೌಕದ ಫೋಟೋವನ್ನೂ ತನ್ನ ಫೋನಿನಲ್ಲಿ ತೆಗೆದಳು. ಎಂಟು ಗಂಟೆಗೆ ನೀರು ತಿರುಗಿ ಏರತೊಡಗಿತು.

ಹೊನ್ನಾಳಿಗೆ ಮರಳಿ ಎಲ್ಲವನ್ನೂ ಚೈತ್ರಾಳಿಗೆ ಕೊಟ್ಟಳು. ಹುಡುಗಿ ಬಾಯಿ ಬಿಟ್ಟು ನೋಡಿದಳು. "ಒಬ್ರೇ ಹೋದ್ರಾ ಆಂಟಿ?" ಎಂದು ಕೈ ಹಿಡಿದುಕೊಂಡಳು. ಅಲ್ಲಿಂದ ನಾಲ್ಕು ತಿಂಗಳು ಕೊಲ್ಲಾಪುರಮ್ಮನಿಗೆ ಹಿತವಾಗಿ ಹೋದವು. ಕಾಲೇಜು ಬಿಟ್ಟ ಮೇಲೆ ಬಸ್ಸಿನ ಹೊತ್ತಾಗುವ ತನಕ ಚೈತ್ರಾ ಲ್ಯಾಬಿನಲ್ಲಿ ಕೂತು ಬರೆಯುತ್ತಿದ್ದಳು. ಇವಳು ಎದುರಿಗೆ ಕೂತು ಯಾವ ಗುಳ್ಳೆ ಎಲ್ಲಿತ್ತು ಎಂದು ಹೇಳುತ್ತಿದ್ದಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಮೇಡಂ ಬಂದರು. ಕೊಲ್ಲಾಪುರಮ್ಮ ಬಿಸ್ಕತ್ತಿನ ತಟ್ಟೆ ಹಿಡಿದು ಒಳಗೆ ಹೋದಾಗ ಅವರು ಚೈತ್ರಾಳ ಪುಸ್ತಕದ ಒಂದು ಪುಟದ ಮೇಲೆ ಬೆರಳಿಟ್ಟಿದ್ದರು.

"ಹೋದ ವರ್ಷ ಇಲ್ಲಿ ಮೂವತ್ತೆಂಟು. ಈ ವರ್ಷ ಸೊನ್ನೆ. ಒಂದೇ ವರ್ಷದಲ್ಲಿ ಹೀಗಾಗುತ್ತಾ? ನೀನೇ ಎಣಿಸಿದ್ದಾ?"

ಚೈತ್ರಾ ತಲೆ ತಗ್ಗಿಸಿದಳು. "ಇಲ್ಲ ಮೇಡಂ. ಇವರು ಎಣಿಸಿದ್ದು. ಇದರಾಗೆ ಹೆಸರು ಹಾಕೀನಿ."

ಮೇಡಂ ತಿರುಗಿ ನೋಡಿದರು. ಕೊಲ್ಲಾಪುರಮ್ಮ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತಳು.

"ಹೌದೇನಮ್ಮಾ? ಹಾಗಾದರೆ ಹಿಂದಿನ ಮೂರು ವರ್ಷದ್ದನ್ನ ಎಣಿಸಿದ್ದು ಯಾರು?"

ಪಕ್ಕದ ಕುರ್ಚಿಯಲ್ಲಿ ಪ್ರವೀಣ್ ಕುಮಾರ್ ಇದ್ದರು. ಅವರು ಅವಳ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಅವಳಿಗೆ ಜ್ವರ ಬಂದಾಗ ತಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ ಮನುಷ್ಯ. ನನಗೆ ಗೊತ್ತಿಲ್ಲ ಎಂದುಬಿಟ್ಟರೆ ಆಗುತ್ತಿತ್ತು. ಅಟೆಂಡರಿಗೆ ಏನು ಗೊತ್ತಿರಬೇಕು?

"ಆ ಮೂರು ವರ್ಷ ಯಾರೂ ಹೋಗಿರ್ಲಿಲ್ರೀ ಮೇಡಂ" ಅಂದಳು. "ನಿಜ ಅಂದ್ರೆ, ಎಣಿಸಿಲ್ಲ."

ಮೇಡಂ ಪುಟವನ್ನು ಹಿಂದಕ್ಕೆ ಮಗುಚಿ ಆ ಮೂರು ವರ್ಷದ ಅಂಕಿಗಳನ್ನು ನೋಡಿದರು. ಆಮೇಲೆ ಚೈತ್ರಾಳಿಗೆ, ಆ ಮೂರು ವರ್ಷದ ಸಾಲುಗಳನ್ನು ಖಾಲಿ ಬಿಟ್ಟು ಪುಸ್ತಕವನ್ನು ಮತ್ತೆ ಮಾಡಿಸಿ ಕೊಡಲು ಹೇಳಿದರು. ತಾನೇ ಹೋಗಿ ಎಣಿಸಲಿಲ್ಲವೆಂದು ಮಾರ್ಕ್ಸೂ ಕಡಿಮೆ ಕೊಟ್ಟರು.

ಪ್ರವೀಣ್ ಕುಮಾರ್ ಅವರಿಗೆ ಸಂಸ್ಥೆಯಿಂದ ನೋಟೀಸು ಬಂತು. ಅವರು ಕೊಲ್ಲಾಪುರಮ್ಮನನ್ನು ಬೈಯಲಿಲ್ಲ. ಲ್ಯಾಬಿಗೆ ಬರುವುದನ್ನೇ ಬಿಟ್ಟರು. ಬೇಕಾದದ್ದನ್ನು ಹುಡುಗರ ಕೈಲಿ ಹೇಳಿಕಳಿಸುವರು. ಚೈತ್ರಾ ಹೊಸ ಪುಸ್ತಕ ತಂದು ಬೀರುವಿನಲ್ಲಿಟ್ಟ ದಿನ ಬಾಗಿಲಲ್ಲೇ ನಿಂತು, "ಫಸ್ಟ್ ಕ್ಲಾಸ್ ತಪ್ತು ಆಂಟಿ" ಅಂದಳು. ಕೊಲ್ಲಾಪುರಮ್ಮ ಏನೋ ಹೇಳಬೇಕೆಂದು ಎದ್ದಳು. "ಬಸ್ಸಿಗೆ ಹೊತ್ತಾತು" ಎಂದು ಹುಡುಗಿ ಹೋದಳು. ಮತ್ತೆ ಬರಲಿಲ್ಲ. ಅವಳು ಹೋದ ಮೇಲೆ ಕೊಲ್ಲಾಪುರಮ್ಮ ಪುಸ್ತಕ ತೆರೆದಳು. ಹನ್ನೆರಡು ವರ್ಷದ ಅಂಕಿ, ಆಮೇಲೆ ಮೂರು ವರ್ಷ ಬರೀ ಗೆರೆ, ಆಮೇಲೆ ತಾನು ಎಣಿಸಿದ್ದು. ಆ ಖಾಲಿ ಗೆರೆಗಳನ್ನು ನೋಡಿ ಅವಳಿಗೆ ಎದೆ ಹಗುರವಾಯಿತು. ಹಗುರವಾದ ಎದೆಯಲ್ಲೇ ಅತ್ತಳು.

ಜೂನ್‌ನಲ್ಲಿ ಅವಳಿಗೆ ವರ್ಗವಾಯಿತು. ಅದೇ ಸಂಸ್ಥೆಯ ಚನ್ನಗಿರಿಯ ಹೈಸ್ಕೂಲಿಗೆ. ಕಾರಣ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಚನ್ನಗಿರಿಯಲ್ಲಿ ಅಡಿಕೆ ಮಂಡಿಗಳ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿತು. ಶಾಲೆಯಲ್ಲಿ ಲ್ಯಾಬೆಂದರೆ ಒಂದು ಬೀರು, ಒಡೆದ ಭೂಗೋಳ. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ತರಗತಿಯಿಂದ ತರಗತಿಗೆ ಒಯ್ಯುವುದು ಅವಳ ಕೆಲಸ. ಹೆಡ್‌ಮಿಸ್ ನಿರ್ಮಲಮ್ಮ ಒಳ್ಳೆಯವರೇ. ಮೊದಲ ವಾರ ಎಲ್ಲರೂ ಊರು ಯಾವುದು, ಮಕ್ಕಳೆಷ್ಟು ಎಂದು ಕೇಳಿದರು. ಉತ್ತರ ಕೇಳಿದ ಮೇಲೆ ಹೆಚ್ಚು ಕೇಳಲಿಲ್ಲ.

ಡಿಸೆಂಬರ್ ಕೊನೆಗೆ ಎಳ್ಳಮಾವಾಸ್ಯೆ ಬಂತು. ಹೋಗು ಅನ್ನುವವರಿಲ್ಲ, ಬೇಡ ಅನ್ನುವವರೂ ಇಲ್ಲ. ಚೌಕಟ್ಟು ಹೊನ್ನಾಳಿಯ ಲ್ಯಾಬಿನಲ್ಲೇ ಉಳಿದಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಅದೇ ಅಳತೆಯ ಇನ್ನೊಂದನ್ನು ಮಾಡಿಸಿದಳು. ಅಂಗಡಿಯವನು "ಕಿಟಕಿಗೇನಮ್ಮಾ?" ಅಂದ. "ಹೂಂ" ಅಂದಳು. ಎರಡು ದಿನ ರಜೆ ಹಾಕಿ, ಶಿವಮೊಗ್ಗದ ಮೇಲೆ ಮತ್ತೆ ಅದೇ ದಾರಿ ಹಿಡಿದಳು. ಗಣಪಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಅವಳ ಜಗಲಿಯಲ್ಲೇ ಮಲಗಿ, ಬೆಳಗ್ಗೆ ಎಣಿಸಿ, ಅಂದೇ ಹಿಂದಿರುಗಿದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿ ಕೇಳಿದಳು:

"ಯಾರ ಮನೀಗೆ ಹೋಗಿದ್ದೆವ್ವ?"

"ಯಾರ ಮನೀಗೂ ಇಲ್ಲಮ್ಮ. ಸುಮ್ನೆ, ಕೆಲಸಕ್ಕೆ."

ಅಂಕಿಗಳನ್ನು ಕೊಡಲು ಈಗ ಜನವಿರಲಿಲ್ಲ. ಎರಡು ದಿನ ಹಾಳೆಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡಳು. ಆಮೇಲೆ ಒಂದು ಕವರಿಗೆ ಹಾಕಿ, ಮೇಲೆ ಕನ್ನಡದಲ್ಲಿ ಪ್ರಾಣಿಶಾಸ್ತ್ರ ವಿಭಾಗ, ಹೊನ್ನಾಳಿ ಎಂದು ಕಾಲೇಜಿನ ವಿಳಾಸ ಬರೆದು, ತನ್ನ ಹೆಸರು ಬರೆಯದೆ ಅಂಚೆಗೆ ಹಾಕಿದಳು.

ಜನವರಿ ಪೂರ್ತಿ ಕಳೆಯಿತು. ಶಿವರಾತ್ರಿಗೆ ಮುಂಚೆ ಒಂದು ಮಧ್ಯಾಹ್ನ, ಊಟದ ಗಂಟೆ ಹೊಡೆದು ಬಂದು ಡಬ್ಬಿ ಬಿಚ್ಚುತ್ತಿರುವಾಗ ಫೋನ್ ಬಂತು. ಪ್ರವೀಣ್ ಕುಮಾರ್.

ಹೇಗಿದ್ದೀರಿ ಎಂದು ಅವರು ಕೇಳಲಿಲ್ಲ. ಕೆಮ್ಮಿದರು.

"ಕೊಲ್ಲಾಪುರಮ್ಮ, ಪುಸ್ತಕದಾಗೆ ಬರೀತಿದೀನಿ. ಏಳನೇ ಚೌಕದಾಗೆ ಹಸಿರು ಚಿಪ್ಪಿನ ಅಂಕಿ ನೀರು ಬಿದ್ದು ಅಳಿಸಿಹೋಗೈತೆ. ಒಂದೋ, ಏಳೋ ಗೊತ್ತಾಗ್ತಿಲ್ಲ."

ಅವಳು ಕಣ್ಣು ಮುಚ್ಚಿದಳು. ಕೆಮ್ಮಣ್ಣು ಮೆತ್ತಿದ ಬಂಡೆ, ಸಂದಿನಲ್ಲಿ ನೀಲಿ ಬಲೆ, ಅದರ ಪಕ್ಕ.

"ಒಂದು ಸಾರ್" ಅಂದಳು. "ಒಂದೇ ಇತ್ತು."

"ಸರಿ" ಅಂದರು ಅವರು. ಬರೆಯುವ ಸದ್ದು ಕೇಳಿಸಿತು. ಆಮೇಲೆ ಫೋನ್ ಇಟ್ಟರು.